ಎದುರು ಬದಿಯ ನಲವತ್ತೇಳು

"ಕತ್ತೆ ಮೇಯಿಸೋಕೂ ಲಾಯಕ್ಕಿಲ್ಲ ನೀನು. ಮೂವತ್ತು ವರ್ಷ ನಿನ್ನ ಕೈಗೆ ಸ್ಟೇರಿಂಗ್ ಕೊಟ್ಟವರು ಯಾರಯ್ಯಾ?"

ಬೆಳಗಿನ ಪಾಳಿಯ ಅರವತ್ತು ಜನರ ಮುಂದೆ ಡಿಪೋ ಮ್ಯಾನೇಜರ್ ಹೀಗೆ ಕೇಳಿದಾಗ ನಮ್ಮ ಯಜಮಾನರು ನೆಲ ನೋಡುತ್ತ ನಿಂತಿದ್ದರು. ಡಿಪೋದಲ್ಲೆಲ್ಲ ಯಜಮಾನರು ಅಂತ ಕರೆಯುವುದು ನಲವತ್ತೇಳನೇ ನಂಬರಿನ ಈ ಹಿರಿಯ ಡ್ರೈವರನ್ನು. ನಾನು ಅದೇ ಬಸ್ಸಿನ ಕಂಡಕ್ಟರ್. ಪಕ್ಕದಲ್ಲೇ ಅವರ ಅಳಿಯ, ಹನ್ನೆರಡನೇ ನಂಬರಿನ ಡ್ರೈವರ್, ಬಾಯಿಗೆ ಬೀಗ ಹಾಕಿಕೊಂಡಿದ್ದ. ಹೆಣ್ಣು ಕೊಟ್ಟ ಮಾವನ ಪರವಾಗಿ ಒಂದು ಮಾತೂ ಇಲ್ಲ. ನನ್ನ ಮೈ ಉರಿಯಿತು.

ಹಿಂದಿನ ದಿನ ಬೆಳಿಗ್ಗೆ ಎಂಟೂ ಹತ್ತರ ಸುಮಾರಿಗೆ ಗಿರಣಿ ಸ್ಟಾಪಿನಲ್ಲಿ ಒಂದು ಬಸ್ಸು ಹೊಲಿಗೆ ಕಾರ್ಖಾನೆಯ ಹೆಂಗಸಿಗೆ ಹೊಡೆದು, ನಿಲ್ಲಿಸದೆ ಹೋಗಿತ್ತು. ಆಕೆಗೆ ಇನ್ನೂ ಎಚ್ಚರವಿಲ್ಲ. ನೋಡಿದ ಮೂವರದೂ ಒಂದೇ ಮಾತು—ಬೋರ್ಡಿನಲ್ಲಿ ನಲವತ್ತೇಳು ಇತ್ತು. ಆ ಹೊತ್ತಿಗೆ ಅಲ್ಲಿ ಹಾಯುವ ನಲವತ್ತೇಳು ನಮ್ಮದೊಂದೇ. ಸಂಜೆ ವರದಿ ಪೊಲೀಸರಿಗೆ ಹೋಗಲಿತ್ತು. ಹೋದರೆ ಯಜಮಾನರ ಕೆಲಸ ಹೋಯಿತು, ಆಮೇಲೆ ಜೈಲು.

ವಿಚಾರಣೆ ಬಿದ್ದದ್ದು ಚೆಕಿಂಗ್ ಸಾಹೇಬರ ತಲೆಗೆ. ಅವರು ಬಸ್ಸು ಹತ್ತಿದರೆ ಟಿಕೆಟ್ ಇದ್ದವರೂ ಬೆವರುತ್ತಾರೆ.

"ಗಿರಣಿ ಸ್ಟಾಪಲ್ಲಿ ನಿಲ್ಲಿಸಿದ್ರಾ?"

"ಇಲ್ಲ ಸಾರ್," ಎಂದರು ಯಜಮಾನರು. "ಬಾಗಿಲಲ್ಲಿ ಜನ ನೇತಾಡ್ತಿದ್ರು. ಒಬ್ಬ ಹೆಂಗಸು ಕೈ ಅಡ್ಡ ಹಾಕಿದ್ಲು. ನೋಡಿದೆ. ನಿಲ್ಲಿಸ್ಲಿಲ್ಲ."

"ತಗುಲಿಸಿದ್ರಾ?"

"ಇಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ನೀನೇನು ನೋಡ್ದೆ?"

"ನಂಗೆ ನನ್ನ ಕಾಲೇ ಕಾಣ್ತಿರ್ಲಿಲ್ಲ ಸಾರ್. ಅಷ್ಟು ಜನ."

ನನ್ನನ್ನು ಕರೆದುಕೊಂಡು ಗಿರಣಿ ಸ್ಟಾಪಿಗೆ ಹೊರಟರು. ರಸ್ತೆಯ ಒಂದು ಬದಿಗೆ ತಂಗುದಾಣ. ಇನ್ನೊಂದು ಬದಿಗೆ, ಸರಿಯಾಗಿ ಎದುರಿಗೆ, ಕ್ಷೌರದಂಗಡಿ. ನೋಡಿದ ಮೂವರಲ್ಲಿ ಆ ಕ್ಷೌರಿಕನೂ ಒಬ್ಬ.

"ಹೊಡೆದದ್ದು ಯಾವ ಬಸ್ಸು?"

"ಎಷ್ಟು ಸಲ ಹೇಳ್ಲಿ ಸ್ವಾಮಿ? ನಲವತ್ತೇಳು. ನೂರರವರೆಗೆ ಓದೋಕೆ ಬರುತ್ತೆ ನಂಗೆ."

"ಆಕೇನ ಎತ್ತಿದ್ದು ನೀನೇನಾ?"

"ನಾನೇ. ಅರ್ಧ ಬೋಳಿಸಿದ ಗಿರಾಕೀನ ಹಾಗೇ ಬಿಟ್ಟು ಎದ್ದೆ."

"ರಸ್ತೆ ದಾಟಿ ಹೋದ್ಯಾ?"

"ದಾಟೋದೆಲ್ಲಿ ಬಂತು? ಇದೇ ಮೆಟ್ಟಿಲ ಮೇಲೆ ಬಿದ್ಲು. ತೊಳೆಯೋಕೆ ಎರಡು ಬಕೆಟ್ ನೀರು ಬೇಕಾಯ್ತು."

ಸಾಹೇಬರು ಎದುರಿನ ತಂಗುದಾಣವನ್ನು ನೋಡಿದರು. ಮತ್ತೆ ಮೆಟ್ಟಿಲು ನೋಡಿದರು.

"ನಿಮ್ಮ ಬಸ್ಸು ಯಾವ ಬದೀಲಿ ಹೋಗುತ್ತಪ್ಪಾ?"

"ಆ ಬದಿ ಸಾರ್. ನಿಲ್ದಾಣದಿಂದ ಹೊರಡೋವೆಲ್ಲ ಆ ಬದಿ. ಈ ಬದಿ ವಾಪಸ್ ಬರೋವು—"

ಮಧ್ಯಾಹ್ನ ಮ್ಯಾನೇಜರ್ ಕೋಣೆಯಲ್ಲಿ ಐದು ಜನ. ಕುರ್ಚಿಯಲ್ಲಿ ಮ್ಯಾನೇಜರ್, ನಿಂತವರು ಸಾಹೇಬರು, ಮಾವ, ಅಳಿಯ, ನಾನು.

"ಬೋರ್ಡು ನಲವತ್ತೇಳು ಅನ್ನೋದು ನಿಜ," ಎಂದರು ಸಾಹೇಬರು. "ಬಸ್ಸು ಯಾವ ಕಡೆ ಹೋಗ್ತಿತ್ತು ಅಂತ ಯಾರೂ ಕೇಳ್ಲಿಲ್ಲ. ಅದು ನಿಲ್ದಾಣಕ್ಕೆ ವಾಪಸ್ ಬರ್ತಿತ್ತು. ಆ ಹೊತ್ತಲ್ಲಿ ಬಂದದ್ದು ಹನ್ನೆರಡನೇ ನಂಬರು ಒಂದೇ. ಮುಂದಿನ ಟ್ರಿಪ್ಪಿಗೆ ಅದೇ ನಲವತ್ತೇಳಾಗಿ ಹೊರಡುತ್ತೆ. ಬೋರ್ಡು ಎಲ್ಲಿ ತಿರುಗಿಸ್ದೆ ತಮ್ಮಾ?"

ಅಳಿಯ ಬಾಯಿ ಬಿಟ್ಟ. "ಎಲ್ರೂ ಅಲ್ಲೇ ತಿರುಗಿಸ್ತಾರೆ ಸಾರ್. ಗಿರಣಿ ಸ್ಟಾಪಲ್ಲಿ."

ಸುಳ್ಳಲ್ಲ. ನಿಲ್ದಾಣದಲ್ಲಿ ಎರಡು ನಿಮಿಷ ಮೀರಿ ನಿಂತರೆ ಮ್ಯಾನೇಜರ್ ಮೂರು ದಿನ ಡ್ಯೂಟಿ ಕೊಡುವುದಿಲ್ಲ. ಅದಕ್ಕೇ ಡ್ರೈವರು ದಾರಿಯಲ್ಲೇ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಕತ್ತೆತ್ತಿ, ತಲೆಯ ಮೇಲಿನ ಹಿಡಿ ತಿರುಗಿಸಿ ಮುಂದಿನ ನಂಬರು ತರುತ್ತಾನೆ. ದಿನಾ ಓಡಾಡುವವರು ಮೋಸ ಹೋಗುವುದಿಲ್ಲ. ನಿತ್ಯ ಇದನ್ನೇ ನೋಡುವ ನನಗೂ ಹೊಳೆದಿರಲಿಲ್ಲ. ಬೋರ್ಡು ಹೇಳಿದ್ದನ್ನೇ ನಂಬಿದ್ದೆ.

"ಕಾರ್ಖಾನೇಲಿ ವಿಚಾರಿಸ್ದೆ. ಆಕೆ ಈ ಊರಿಗೆ ಬಂದು ಮೂರು ದಿನ. ಒಂದು ನಲವತ್ತೇಳು ಬಿಟ್ಟು ಹೋಯ್ತು. ಎದುರು ಬದೀಲಿ ಇನ್ನೊಂದು ಕಾಣ್ತು. ಓಡಿದ್ಲು. ನೀನು ಮೇಲೆ ನೋಡ್ತಿದ್ದೆ. ಹೌದೋ ಅಲ್ವೋ?"

"ರಸ್ತೆ ಗುಂಡಿ ಅಂದ್ಕೊಂಡೆ ಸಾರ್. ನಿನ್ನೆ ಮಧ್ಯಾಹ್ನ ಗೊತ್ತಾಯ್ತು. ಅಷ್ಟೊತ್ತಿಗೆ ಮಾವನ ಹೆಸರು ಬಂದಿತ್ತು. ಸುಮ್ಮನಾದೆ."

ಯಜಮಾನರು ಅವನನ್ನು ನೋಡಲೇ ಇಲ್ಲ.

"ಹೊಡೆದವನು ಇವನು," ಎಂದರು ಸಾಹೇಬರು. "ಕತ್ತೆತ್ತೋ ಹಾಗೆ ಮಾಡಿದ್ದು ನಿಮ್ಮ ಎರಡು ನಿಮಿಷ."

"ಎರಡು ನಿಮಿಷ ಅಂತ ನಾನು ಎಲ್ಲಿ ಬರೆದಿದ್ದೀನಿ? ವೇಳಾಪಟ್ಟೀಲಿ ಹತ್ತು ನಿಮಿಷ ಇದೆ. ಓದ್ಕೊಳ್ಳಿ." ಮ್ಯಾನೇಜರ್ ವರದಿಯ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡ. "ನನ್ನ ಸಹಿ ಇಲ್ಲದೆ ಇದು ಈ ಕೋಣೆ ದಾಟಲ್ಲ, ಸಾಹೇಬ್ರೇ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನನಗೆ ಮೇಜು ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ಬಿಸಾಡಲಿಲ್ಲ. ನನಗೂ ನಾಳೆ ಡ್ಯೂಟಿ ಬೇಕು.

ಮ್ಯಾನೇಜರ್ ಯಜಮಾನರ ಕಡೆ ತಿರುಗಿದ. ದನಿ ಈಗ ಮೆತ್ತಗಿತ್ತು. "ನಿನ್ನ ಸರ್ವೀಸು ಇನ್ನು ಎಂಟು ತಿಂಗಳು. ಇವನದು ಇನ್ನೂ ಇಪ್ಪತ್ತೈದು ವರ್ಷ. ಬೋರ್ಡಿನ ಮಾತೇ ಬೇಡ. ನಾನೇ ಹೊಡೆದೆ ಅನ್ನು, ಮುಗೀತು. ನಿನ್ನ ಮಗಳ ಸಂಸಾರ ಉಳಿಯುತ್ತೆ. ಹೇಳು, ಯಾರ ಹೆಸರು ಬರೀಲಿ?"

"ಅಲ್ಲ ಅನ್ನಿ ಯಜಮಾನ್ರೇ," ಎಂದೆ ನಾನು.

"ಮಾವ," ಎಂದ ಅಳಿಯ.

ಹಾಳೆಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟೇ ಯಜಮಾನರು ಹೊರಟರು. ಬಾಗಿಲು ಸರಿಸಿ ಹೊರಗೆ ಬಂದರು. ಗೇಟಿನಲ್ಲಿ ಅವರ ಮನೆಯ ಕಡೆಗೇ ಹೊರಟ ಬಸ್ಸೊಂದು ಅವರಿಗಾಗಿ ನಿಧಾನ ಮಾಡಿತು. ಹತ್ತಲಿಲ್ಲ. ಅದರ ಹೊಗೆಯೊಳಗೆ ನಡೆದುಕೊಂಡೇ ಹೋದರು.