ಹುಳುವಿನ ಸವೆದ ಹಲ್ಲು

ಎಂಟನೇ ವಯಸ್ಸಿನಲ್ಲಿ ನಾನೊಂದು ಮಾತು ಕೊಟ್ಟಿದ್ದೆ. ನಾನು ಒಡೆದ ಕನ್ನಡಿಗೆ ತಂಗಿ ಅಪ್ಪನ ಕೈಯಲ್ಲಿ ಏಟು ತಿಂದ ದಿನ, ಅವಳ ಕೆನ್ನೆ ಸವರುತ್ತಾ, "ನನ್ನ ತಪ್ಪಿಗೆ ಇನ್ಯಾವತ್ತೂ ನಿನಗೆ ಏಟು ಬೀಳೋಕೆ ಬಿಡಲ್ಲ ಕಣೇ" ಅಂದಿದ್ದೆ.

ಆ ತಂಗಿಯೇ ಗುರುವಾರ ಬೆಳಿಗ್ಗೆ ಸಂಶೋಧನಾ ಕೇಂದ್ರದ ಗಾಜಿನ ಮನೆಯಿಂದ ಓಡಿಬಂದು, ಉಗ್ರಾಣದ ಹಿಂದಿನ ಕೋಣೆಯ ಬಾಗಿಲು ಬಡಿದಳು. ಅಲ್ಲಿದ್ದವರು ಭೂತಗನ್ನಡಿ ತಾತ. ಮೂವತ್ತು ವರ್ಷ ಎಲೆ, ಬೇರುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ನಿವೃತ್ತರಾದರೂ ಕೇಂದ್ರ ಬಿಟ್ಟು ಹೋಗಿರಲಿಲ್ಲ. ಕಳೆದದ್ದು, ಕೆಟ್ಟದ್ದು ಏನೇ ಇರಲಿ, ಪತ್ತೆ ಮಾಡಲು ಎಲ್ಲರೂ ಅವರ ಬಳಿಗೇ ಬರುತ್ತಿದ್ದರು. ಅವರ ಜೊತೆಗೆ ಓಡಾಡುತ್ತಿದ್ದವಳು ನಾನು. ಕುಂಡಗಳಿಗೆ ನೀರು ಹಾಕುವುದು, ಅವಕ್ಕೆ ಚುಚ್ಚಿದ ಪ್ಲಾಸ್ಟಿಕ್ ಚೀಟಿ ತೊಳೆಯುವುದು ನನ್ನ ಸಂಬಳದ ಕೆಲಸ.

"ತಾತ, ಎಲ್ಲ ತಲೆಕೆಳಗಾಗಿದೆ," ಅಂದಳು ತಂಗಿ.

ಅವಳ ಪ್ರಯೋಗದಲ್ಲಿ ಭತ್ತದ ನಲವತ್ತು ಕುಂಡಗಳಿದ್ದವು. ಇಪ್ಪತ್ತಕ್ಕೆ ಆರು ವಾರ, ಮರಳಿನಲ್ಲಿರುವ ಸಿಲಿಕಾನ್ ಬೆರೆಸಿದ ನೀರು, ಗುರುತಿಗೆ ನೀಲಿ ಚೀಟಿ. ಉಳಿದವಕ್ಕೆ ಬರೀ ನೀರು, ಬಿಳಿ ಚೀಟಿ. ಸಿಲಿಕಾನ್ ಸೇರಿದ ಎಲೆ ಗಟ್ಟಿಯಾಗುತ್ತದೆ, ಹುಳುವಿಗೆ ಅಗಿಯಲಾಗುವುದಿಲ್ಲ, ರೋಗವೂ ಸುಲಭಕ್ಕೆ ಒಳಹೊಗುವುದಿಲ್ಲ. ಮೂರು ಬೆಳೆಗಳಲ್ಲಿ ಅವಳು ತೋರಿಸಿದ್ದು ಇದನ್ನೇ. ಶನಿವಾರ ಪ್ರತಿ ಕುಂಡಕ್ಕೂ ಬಲೆಚೀಲ ಹೊದಿಸಿ ಹುಳು ಬಿಟ್ಟಿದ್ದರು. ಈಗ ಚೀಲ ತೆಗೆದರೆ ನೀಲಿ ಚೀಟಿಯವು ಬರೀ ನರವಾಗಿ ನಿಂತಿದ್ದವು. ಬಿಳಿಯವು ಹಸಿರಾಗಿ, ನೆಟ್ಟಗೆ.

"ಚೀಟಿ ಅದಲುಬದಲಾಗಿದೆ ಅಂದೆ. ಹಾಗಾದ್ರೆ ಹಿಂದಿನ ಮೂರು ಸಲವೂ ನೀವೇ ಬದಲಾಯಿಸಿರಬಹುದಲ್ಲ ಅಂದ್ರು ನಿರ್ದೇಶಕರು. ನಾಲ್ಕು ಗಂಟೆಗೆ ನನ್ನ ತೆಗೆದುಹಾಕೋ ಕಾಗದಕ್ಕೆ ಸಹಿ ಹಾಕ್ತಾರಂತೆ."

ನನ್ನ ಮಣಿಕಟ್ಟಿನ ಗೀರುಗಳು ಬೆವರಿಗೆ ಉರಿದವು.

ಗಾಜಿನ ಮನೆಯಲ್ಲಿ ಹುಳು ಮೇಷ್ಟ್ರು ಕೆನ್ನೆ ಹಿಡಿದುಕೊಂಡು ನಿಂತಿದ್ದರು. ಪ್ರಯೋಗಕ್ಕೆ ಹುಳು ಸಾಕುವವರು ಅವರು. "ಮರಳು ತಿನ್ನಿಸಿ ಬೆಳೆ ಉಳಿಸ್ತಾಳಂತೆ" ಎಂದು ತಂಗಿಯನ್ನು ಆಡಿಕೊಳ್ಳುತ್ತಿದ್ದವರೂ ಅವರೇ.

"ಏನ್ ತಾತ, ಹುಳುಗಳ ಹೇಳಿಕೆ ತಗೊಳ್ಳೋಕೆ ಬಂದ್ರಾ?"

"ಹೌದಪ್ಪ. ಅವು ನಿನ್ನ ಥರ ಮಾತು ತಿರುಗಿಸಲ್ಲ."

ತಾತ ಎರಡೂ ಬಣ್ಣದ ಕುಂಡಗಳಿಂದ ಐದೈದು ಹುಳು, ಒಂದು ಹಿಡಿ ಎಲೆ ತೆಗೆದುಕೊಂಡರು. ಬಾಗಿಲಿಗೆ ಅಂಟಿಸಿದ್ದ ಕೆಲಸದ ಪಟ್ಟಿಯನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು. "ಕೈ ಉರೀತಿದೆಯೇನಮ್ಮ?"

"ಸೋಮವಾರದ ಗೀರು ತಾತ. ತೊಳೆದ ಚೀಟಿ ಚುಚ್ಚುವಾಗ ಆಯ್ತು."

"ಗವಸು ಹಾಕಿರಲಿಲ್ವಾ?"

"ನೀಲಿಯವಕ್ಕಷ್ಟೇ ಗವಸು, ಅವುಗಳ ಎಲೆ ಗೀರುತ್ತಲ್ಲ. ಬಿಳಿಯವಕ್ಕೆ ಯಾವತ್ತೂ ಬರಿಗೈ."

ಅವರು ಪಟ್ಟಿಯತ್ತ ಮತ್ತೊಮ್ಮೆ ನೋಡಿ ಹೊರಟರು. ಬಿಳಿಯವುಗಳ ಎಲೆ ಕೈ ಗೀರಬಾರದಿತ್ತಲ್ಲ ಎಂದು ಆ ಮಾತು ಆಡಿದ ಮೇಲೆಯೇ ನನಗೆ ಹೊಳೆಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ನಾಲ್ಕು ಗಂಟೆಗೆ ಎಲ್ಲರೂ ಕುಂಡಗಳ ಮೇಜಿನ ಸುತ್ತ ಸೇರಿದೆವು. ತಾತ ನಿರ್ದೇಶಕರಿಗೆ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಲು ಹೇಳಿದರು.

"ಇದು ಬಿಳಿ ಚೀಟಿ ಕುಂಡದ ಹುಳುವಿನ ಹಲ್ಲು. ಸವೆದು ಮೊಂಡಾಗಿದೆ. ನೀಲಿಯದ್ದು ಗರಗಸದ ಹಾಗಿದೆ. ಬರೀ ನೀರು ಕುಡಿದ ಎಲೆ ಹಲ್ಲನ್ನ ಹೀಗೆ ಸವೆಸಲ್ಲ. ಎಲೆ ಸುಟ್ಟು ಬೂದಿಯನ್ನೂ ತೂಗಿದೆ, ಬಿಳಿಯದರಲ್ಲೇ ಜಾಸ್ತಿ. ಸಿಲಿಕಾನ್ ಇರೋದು ಬಿಳಿ ಚೀಟಿ ಕುಂಡಗಳಲ್ಲಿ. ಈ ಹುಡುಗಿ ಹೇಳಿದ್ದು ನಿಜ."

"ಬದಲಾಯಿಸಿದ್ಯಾರು?" ನಿರ್ದೇಶಕರು ಹುಳು ಮೇಷ್ಟ್ರನ್ನು ನೋಡಿದರು.

"ಬೇಕಂತ ಯಾರೂ ಅಲ್ಲ. ಬೆಳಕು ಸಮ ಬೀಳಲಿ ಅಂತ ಮೇಷ್ಟ್ರು ಪ್ರತಿ ಸೋಮವಾರ ಸಂಜೆ ಈ ಚಕ್ರದ ಮೇಜನ್ನ ಆ ತುದಿ ಈ ಕಡೆ ಬರೋ ಹಾಗೆ ತಿರುಗಿಸ್ತಾರೆ. ಈ ಸಲ ಪಟ್ಟಿಯಲ್ಲಿ ಬೆಳಿಗ್ಗೆ ಹನ್ನೊಂದೂವರೆ ಅಂತಿದೆ."

"ಹಲ್ಲುನೋವು ತಾತ, ಡಾಕ್ಟರ ಹತ್ರ ಹೋಗಬೇಕಿತ್ತು," ಅಂದರು ಮೇಷ್ಟ್ರು. "ಬಲೆಯೊಳಗೆ ಚೀಟಿ ಇದೆಯೋ ಇಲ್ವೋ ನೋಡ್ಲಿಲ್ಲ."

"ಇರಲಿಲ್ಲ. ಪಟ್ಟಿ ಪ್ರಕಾರ ಆ ಹೊತ್ತಿಗೆ ಪಾಚಿ ತೊಳೆಯೋಕೆ ಬಕೆಟ್ಟಿನಲ್ಲಿ ನೆನೀತಿದ್ವು. ಮೇಜು ತಿರುಗಿದ್ದು ತಿಳಿಯದೆ, ಮೊದಲಿದ್ದ ಹಾಗೇ ಬಾಗಿಲ ಕಡೆ ನೀಲಿ, ನಲ್ಲಿ ಕಡೆ ಬಿಳಿ ಚುಚ್ಚಿದ್ದಾರೆ. ಚುಚ್ಚಿದವರ ಬರಿಗೈಯನ್ನ ಬಿಳಿಯ ಕಡೆ ಎಲೆಗಳೇ ಗೀರಿವೆ." ತಾತ ಸೂಕ್ಷ್ಮದರ್ಶಕಕ್ಕೆ ಹೊದಿಕೆ ಹಾಕಿದರು. "ಅವರ ಹೆಸರು ನಾನು ಹೇಳಬೇಕಾದ್ದಲ್ಲ."

ತಂಗಿ ನನ್ನನ್ನು ನೋಡಿ ಬೇಡವೆಂಬಂತೆ ತಲೆಯಾಡಿಸಿದಳು. ನನ್ನದು ವರ್ಷಕ್ಕೊಮ್ಮೆ ಮುಂದುವರಿಸುವ ಕೆಲಸ, ಮನೆಯಲ್ಲಿ ಇಬ್ಬರು ಮಕ್ಕಳು. ಅದು ಅವಳಿಗೂ ಗೊತ್ತು.

ನಾನು ಅಂಗಿಯ ತೋಳು ಮಡಿಸಿ ಮಣಿಕಟ್ಟು ತೋರಿಸಿದೆ. "ಸೋಮವಾರ ಚೀಟಿ ನೆನೆಸಿಟ್ಟಿದ್ದಾಗ, ಮಗಳಿಗೆ ವಾಂತಿ ಅಂತ ಶಾಲೆಯಿಂದ ಫೋನ್ ಬಂತು ಸರ್. ಹೊರಗೆ ಹೋಗಿ ಮಾತಾಡಿ ಬಂದೆ. ಅವಸರದಲ್ಲಿ ಚುಚ್ಚಿದೆ. ಕೈ ಉರಿದರೂ ಯಾಕೆ ಅಂತ ಯೋಚಿಸಲಿಲ್ಲ. ನಾನೇ."

ನಿರ್ದೇಶಕರು ತಂಗಿಯ ಕಾಗದವನ್ನು ಹರಿದರು. ನನ್ನ ಕೆಲಸ ಆ ತಿಂಗಳ ಕೊನೆಗೆ ಮುಗಿಯಿತು. ಎಂಟನೇ ವಯಸ್ಸಿನಲ್ಲಿ ತಂಗಿಗೆ ಕೊಟ್ಟ ಮಾತನ್ನು ಉಳಿಸಿಕೊಂಡೆ.