ಒಡಪಿನಲ್ಲಿ ಜಾರಿದ ಹೆಸರು

"ಏ ಬಾಯಾರ, ಸ್ವಲ್ಪ ಹಿಂದ ಸರೀರಿ! ಮದುಮಗಳಿಗಿಂತ ನಿಮ್ಮ ಮೂಗ ದೊಡ್ಡದಾಗಿ ಬರ್ಲಿಕತ್ತದ!"

ದಂಡೋತಿಯ ಲಗ್ನದ ಮನೆಯಲ್ಲಿ, ತುಂಬಿದ ಮಂದಿಯ ಎದುರು ವಿಡಿಯೋ ಶೂಟಿಂಗಿನವ ಹೀಗೆ ಕೂಗಿಬಿಟ್ಟ. ಮದುಮಗಳ ಬೆನ್ನ ಹಿಂದೆ ಅಡಗಿ ಕೂತಿದ್ದ ಅಂಬಿಕಾಳ ಮುಖ ಕೆಂಪಾಯಿತು.

'ಮೂಗ? ನನ್ನ ಮೂಗ?!'

ಅವಳೇನು ಸುಮ್ಮನೆ ಅಲ್ಲಿ ಕೂತಿರಲಿಲ್ಲ. ನಮ್ಮ ಕಡೆ ಮದುಮಗಳು ಗಂಡನ ಹೆಸರನ್ನು ಸೀದಾ ಹೇಳುವಂತಿಲ್ಲ. ಪ್ರಾಸ ಕಟ್ಟಿ, ಒಡಪು ಹಾಕಿಯೇ ಹೇಳಬೇಕು. ಆದರೆ ಮಂದಿ ನೋಡಿದ ಕೂಡಲೇ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಗುತ್ತದೆ. ಆಗ ಹಿಂದಿನಿಂದ ಪಿಸುಗುಡಲು ಅಂಬಿಕಾ ಬೇಕು. ಭಂಕೂರಿನಲ್ಲಿ ಅವಳದು ಟೇಲರಿಂಗ್ ಅಂಗಡಿ. ಲಗ್ನದ ಬ್ಲೌಸ್ ಹೊಲಿಸಿದವರಿಗೆ ಒಡಪು ಫ್ರೀ!

ಅವಳು ಪಿಸುಗುಟ್ಟಿದಳು, ಮದುಮಗಳು ಮೈಕಿನಲ್ಲಿ ಹೇಳಿದಳು:

"ಕಾಗಿಣಾ ಹೊಳಿ ಬಂದ್ರ ದಂಡೋತಿ ಬ್ರಿಜ್ ಬಂದ್,
ಭಾಗಣ್ಣ ನಕ್ಕರ ನನ್ನ ಸಿಟ್ಟೆಲ್ಲ ಬಂದ್!"

ಮಂಟಪವೆಲ್ಲ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಆ ಶೂಟಿಂಗಿನವನೇ. ಕ್ಯಾಮೆರಾ ಗಡಗಡ ಅಲುಗಾಡುತ್ತಿತ್ತು. ಅಂಬಿಕಾಗೆ ಮೈಯೆಲ್ಲ ಉರಿಯಿತು.

ಊಟದ ಪಂಕ್ತಿಯಲ್ಲಿ ಅವನೇ ಹುಡುಕಿಕೊಂಡು ಬಂದ.

"ಆ ಒಡಪು ಯಾರು ಬರದದ್ರಿ?"

"ಯಾರೂ ಬರದಿಲ್ಲ. ಹಳೀದು. ನಮ್ಮಾಯಿ, ನಮ್ಮವ್ವನ ಅವ್ವ, ಹೇಳ್ತಿದ್ದಳು."

"ನಿಮ್ಮಾಯಿ ಬ್ರಿಜ್ ಅಂತ ಇಂಗ್ಲಿಷಿನ್ಯಾಗ ಹೇಳ್ತಿದ್ದಳೇನ್ರಿ?"

ಅಂಬಿಕಾ ಬಾಯಲ್ಲಿದ್ದ ಹೋಳಿಗೆಯನ್ನು ಹಾಗೇ ನುಂಗಿದಳು.

ಅವನ ಹೆಸರು ದಿಲೀಪ. ವಾಡಿಯಲ್ಲಿ ಸಣ್ಣ ಸ್ಟುಡಿಯೋ. ಆಮೇಲೆ ಚಿತ್ತಾಪುರವಾಗಲಿ ಸೇಡಂ ಆಗಲಿ, ಯಾವ ಲಗ್ನದಲ್ಲಿ ಸಿಕ್ಕರೂ ಅವನದು ಒಂದೇ ಪ್ರಶ್ನೆ: "ಹೊಸಾದೇನ್ ಬರದೀರಿ?"

ಬರೆದಿದ್ದಳು. ಒಡಪಷ್ಟೇ ಅಲ್ಲ, ಒಂದು ಕಥೆಯನ್ನೇ ಬರೆದು ಮೊಬೈಲಿನಲ್ಲಿ ಬಚ್ಚಿಟ್ಟಿದ್ದಳು. ಡಿಗ್ರಿ ಓದುವಾಗ ಒಬ್ಬ ಮೇಷ್ಟ್ರು ಅವಳ ಕಥೆ ನೋಡಿ, "ಇದನ್ನ ಯಾಕ ಬರದಿ ತಂಗಿ?" ಎಂದಿದ್ದರು. ಆ 'ಯಾಕೆ'ಗೆ ಇಂದಿಗೂ ಉತ್ತರ ಸಿಕ್ಕಿರಲಿಲ್ಲ. ಅಂದಿನಿಂದ ಬರೆಯುವುದೆಲ್ಲ ಕಳ್ಳತನದಂತೆಯೇ ನಡೆದಿತ್ತು.

ಒಂದು ಸಲ ಅವಳು ಬಾಯಿಬಿಟ್ಟದ್ದೇ, ದಿಲೀಪ ಕಾಡಿ ಬೇಡಿ ಆ ಕಥೆಯನ್ನು ತನ್ನ ಮೊಬೈಲಿಗೆ ತರಿಸಿಕೊಂಡ. ಮರುದಿನ ಉತ್ತರ ಬಂತು: "ಭಾಳ ಚಂದ ಅದರಿ! ಕಥಿ ಆ್ಯಪಿನಾಗ ಹಾಕ್ರಿ. ನಿಮ್ಮ ಹೆಸರಲೇ ಹಾಕ್ರಿ."

ಭಾಳ ಚಂದ! ಆ ಎರಡು ಮಾತನ್ನು ಅಂಬಿಕಾ ಎಷ್ಟು ಸಲ ಓದಿದಳೋ! ಹೊಲಿಗೆ ಯಂತ್ರ ತುಳಿಯುತ್ತ ಓದಿದಳು, ಒಗ್ಗರಣೆ ಸೀದುಹೋಗುವ ತನಕ ಓದಿದಳು. ಚಿಗವ್ವನ ಮಗಳು ಸುಶ್ಮಿತಾಳ ಲಗ್ನ ಮುಗಿದ ದಿನವೇ ಕಥೆ ಹಾಕುವುದೆಂದು ನಿಶ್ಚಯಿಸಿದಳು.

ಲಗ್ನ ಶಹಾಬಾದಿನಲ್ಲಿ. ಶೂಟಿಂಗಿಗೆ ದಿಲೀಪನೇ. ಬೆಳಗ್ಗೆಯಿಂದ "ಏ ದಿಲೀಪಾ, ಇಕಡಿ ಬಾ" ಎಂದು ಎಲ್ಲರೂ ಅವನನ್ನೇ ಕರೆಯುವವರು. ಅಂಬಿಕಾ ಹೂವಿನ ಬುಟ್ಟಿ ಹಿಡಿದು ಹತ್ತಿರ ಬಂದಾಗ ಅವನು ಗಂಡಿನ ಸೋದರತ್ತೆ ಭೀಮಬಾಯಿಯ ಫೋಟೊ ತೆಗೆಯುತ್ತಿದ್ದ. ಆಕೆ ಗಟ್ಟಿಯಾಗಿ ಕಣ್ಣು ಮುಚ್ಚಿದ್ದಳು.

"ಭಾಳ ಚಂದ ಬಂತ್ರಿ!" ಎಂದ ದಿಲೀಪ.

ಆಮೇಲೆ ಬಾಯಿ ತುಂಬ ಬಾಳೆಹಣ್ಣು ತುರುಕಿಕೊಂಡಿದ್ದ ಒಬ್ಬ ಮಾವನಿಗೆ: "ಭಾಳ ಚಂದ!"

ಮೂಗು ಸೋರುತ್ತ ಅಳುತ್ತಿದ್ದ ಕೂಸಿಗೆ: "ಆಹಾ, ಭಾಳ ಚಂದ!"

ಅಂಬಿಕಾ ಬುಟ್ಟಿ ಹಿಡಿದು ಅಲ್ಲೇ ನಿಂತುಬಿಟ್ಟಳು.

'ಬಾಳೆಹಣ್ಣಿನ ಮಾವನಿಗೂ ಅದೇ... ನನ್ನ ಕಥೆಗೂ ಅದೇ! ಇದು ಇವನ ದಂಧೆಯ ಮಾತು. ನಾನೊಬ್ಬಳು ಹುಚ್ಚಿ, ನಂಬಿಬಿಟ್ಟೆ!'

ಕಣ್ಣಲ್ಲಿ ನೀರು ಬಂತು. ಇವತ್ತು ಮನೆಗೆ ಹೋದವಳೇ ಆ ಕಥೆಯನ್ನು ಅಳಿಸಿಹಾಕಬೇಕು, ಇನ್ನು ಮುಂದೆ ಬ್ಲೌಸ್ ಬಿಟ್ಟು ಬೇರೇನಕ್ಕೂ ಕೈ ಹಾಕಬಾರದು ಎಂದುಕೊಂಡಳು. ಅಷ್ಟರಲ್ಲಿ ಅಕ್ಷತೆಯ ಅಕ್ಕಿಕಾಳು ಬಿದ್ದು, ಹೆಂಗಸರೆಲ್ಲ "ಹೆಸರ ಹೇಳು, ಹೆಸರ ಹೇಳು" ಎಂದು ಸುಶ್ಮಿತಾಳನ್ನು ಮುತ್ತಿಕೊಂಡರು. ಅಂಬಿಕಾ ಕಣ್ಣೊರೆಸಿಕೊಂಡು ಹಿಂದೆ ಕೂತಳು. ಎದುರಿಗೆ ಕ್ಯಾಮೆರಾ, ಅದರ ಹಿಂದೆ ಆ ಮುಖ. ತಲೆಯ ತುಂಬ ಅವನ ಮೇಲಿನ ಸಿಟ್ಟು. ಅದೇ ಸಿಟ್ಟಿನಲ್ಲಿ ಪಿಸುಗುಟ್ಟಿದಳು.

ಸುಶ್ಮಿತಾ ಗಿಣಿಯಂತೆ ಮೈಕಿನಲ್ಲಿ ಹೇಳಿದಳು:

"ವಾಡಿ ಸ್ಟೇಷನ್ನಿನ್ಯಾಗ ನಿಲ್ಲಲಾರದ ಗಾಡಿಲ್ಲ,
ದಿಲೀಪರಿಗೆ ಈ ಸೀಮ್ಯಾಗ ಯಾರೂ ಜೋಡಿಲ್ಲ!"

ಬ್ಯಾಂಡಿನವನ ಕೈಯೂ ನಿಂತಿತು. ಯಾಕೆಂದರೆ ಮದುಮಗನ ಹೆಸರು ರೇವಣಸಿದ್ದ!

"ಯಾವ ದಿಲೀಪನೇ ಇವ?!" ಭೀಮಬಾಯಿ ಸೆರಗು ಕಟ್ಟಿ ಎದ್ದಳು. ಇಡೀ ಮಂಟಪದ ಕಣ್ಣು ಕ್ಯಾಮೆರಾದ ಕಡೆ ತಿರುಗಿತು. ರೇವಣಸಿದ್ದನ ಮುಖ ಕಪ್ಪಿಟ್ಟಿತು. ಸುಶ್ಮಿತಾ "ಅಯ್ಯೋ, ನಾ ಅಲ್ಲರೀ..." ಎಂದು ಅಳಲು ಶುರುಮಾಡಿದಳು.

ಅಂಬಿಕಾ ಸುಮ್ಮನೆ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತಂಗಿಯ ಬಾಳು? ಅವಳು ಎದ್ದು ಮೈಕು ತೆಗೆದುಕೊಂಡಳು.

"ತಪ್ಪು ನಂದ್ರಿ. ಆಕಿದೇನೂ ಇಲ್ಲ. ಈ ಒಡಪು ಯಾರ ಆಯೀದೂ ಅಲ್ಲ... ನಾನ ಬರದದ್ದು. ಇಷ್ಟು ದಿನ ಎಲ್ಲಾ ನಾನ ಬರದೀನಿ. ಆ ಹೆಸರು... ನನ್ನ ಬಾಯಿಂದ ಜಾರ್ತು."

ಹೇಳಿದ ಮೇಲೆ, ತಾನು ಹೇಳಿದ್ದೇನು ಎಂಬುದು ಅವಳಿಗೇ ತಿಳಿದು ಕಿವಿ ಬಿಸಿಯಾಯಿತು.

"ನೀ ಬರದದ್ದು ಖರೇ ಇದ್ರ," ಭೀಮಬಾಯಿ ಸೊಂಟದ ಮೇಲೆ ಕೈಯಿಟ್ಟಳು, "ನಮ್ಮ ಹುಡುಗನ ಹೆಸರಲೇ ಈಗ ಹೊಸಾದೊಂದು ಕಟ್ಟು. ಆಗ ನಂಬ್ತೀವಿ."

ಅಂಬಿಕಾ ಮೈಕನ್ನು ಬಾಯಿಗಿಟ್ಟುಕೊಂಡಳು. ಹೇಗೋ ಒಂದು ಉಸುರಿದಳು:

"ಬೆಳ್ಳಿ ತಾಟಿನ್ಯಾಗ ಮಲ್ಲಿಗಿ ಹೂವ,
ರೇವಣಸಿದ್ದರು ಸುಶ್ಮಿತಾನ ಜೀವ."

ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು. ಸದ್ಯ ಬಚಾವಾದೆ ಎಂದುಕೊಳ್ಳುವಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ದನಿ ಬಂತು.

"ಏನೂ ಚಂದಿಲ್ಲರಿ!"

ಎಲ್ಲರೂ ಬೆಚ್ಚಿಬಿದ್ದರು.

"ಇಂಥಾವು ದಿನಾ ಕೇಳ್ತೀನಿ. ಇದು ಅಂಬಿಕಾರ ಕೈಂದಲ್ಲ. ಇನ್ನೊಂದು ಹೇಳ್ರಿ. ನಿಮಗ ಬರ್ತದ, ನನಗ ಗೊತ್ತದ. ಬ್ಯಾಟರಿ ಭರ್ತಿ ಅದ, ನಾ ಕಾಯ್ತೀನಿ."

ಅಂಬಿಕಾಗೆ ಅವನನ್ನು ಹೂವಿನ ಬುಟ್ಟಿಯಿಂದಲೇ ಹೊಡೆಯಬೇಕೆನಿಸಿತು. ಮರುಕ್ಷಣವೇ ಮನಸ್ಸು ನಿಂತಿತು.

'ಚಂದ ಇಲ್ಲದ್ದನ್ನು ಚಂದ ಇಲ್ಲ ಎನ್ನಲು ಇವನಿಗೆ ಬರುತ್ತದೆ! ಹಾಗಾದರೆ... ಅಂದು ಅಂದದ್ದು ಖರೇನಾ?'

ಅವಳು ಮುಖ ಗಂಟಿಕ್ಕಿ ಕೂತಿದ್ದ ರೇವಣಸಿದ್ದನನ್ನು ನೋಡಿದಳು. ಸುಶ್ಮಿತಾಳ ಕಿವಿಗೆ ಬಾಗಿದಳು. ಸುಶ್ಮಿತಾ ಅಳು ನುಂಗಿ ಹೇಳಿದಳು:

"ತಪ್ಪು ಹೆಸರ ಕೇಳಿ ಮಂದೆಲ್ಲ ನಕ್ಕಾರ,
ಸಿಟ್ಟಾಗಲಾರದ ರೇವಣಸಿದ್ದರು ನನಗ ಸಿಕ್ಕಾರ!"

ಇಷ್ಟು ಮಂದಿಯ ಎದುರು 'ಸಿಟ್ಟಾಗಲಾರದವ' ಎನಿಸಿಕೊಂಡ ಮೇಲೆ ಸಿಟ್ಟಾಗುವುದು ಹೇಗೆ? ರೇವಣಸಿದ್ದನ ಮೀಸೆ ಅಲುಗಾಡಿತು, ಹಲ್ಲು ಕಂಡಿತು. ಮಂಟಪ ಹೋ ಎಂದಿತು. ಭೀಮಬಾಯಿ ಬಂದು ಅಂಬಿಕಾಳ ಕೆನ್ನೆ ನೀವಿ ನೆಟಿಗೆ ಮುರಿದಳು. "ಬಾಯಿ ಇದ್ದಾಕಿ ಬರಗಾಲದಾಗೂ ಬದುಕ್ತಾಳ ನೋಡವ್ವಾ!"

ಮಂದಿ ಊಟಕ್ಕೆ ಎದ್ದ ಮೇಲೆ ದಿಲೀಪ ವೈರು ಸುತ್ತುತ್ತ ಹತ್ತಿರ ಬಂದ.

"ಎಲ್ಲಾರಿಗೂ ಚಂದ ಅಂತೀರಿ," ಅಂಬಿಕಾ ನೆಲ ನೋಡುತ್ತ ಕೇಳಿದಳು, "ನಾ ಯಾವುದು ನಂಬಬೇಕು?"

"ಅದು ಹೊಟ್ಟಿಪಾಡ್ರಿ. ಚಂದ ಅಂದ್ರ ಮಂದಿ ನಗ್ತಾರ. ನಿಮಗ ಹಂಗ ಬರೀಬಾರದಿತ್ತು, ತಪ್ಪಾಯ್ತು. ಖರೇ ಹೇಳ್ಲೇನು? ನಿಮ್ಮ ಕಥ್ಯಾಗ ಅತ್ತಿ ಸಾಯೂದು ಸುಳ್ಳ ಅನಸ್ತದ. ಆದ್ರ ಆ ಹುಡುಗಿ ಸೂಜಿ ಚುಚ್ಚಿತು ಅಂತ ನೆವ ಮಾಡಿ ಅಳ್ತಾಳಲ್ಲ... ಅದನ್ನ ಓದ್ಕೋತ ಬಸ್ಸಿನ್ಯಾಗ ನಾನೂ ಅತ್ತೀನಿ. ವಾಡಿ ದಾಟಿ ಚಿತ್ತಾಪುರ ಬಂದಿದ್ದೂ ಗೊತ್ತಾಗಲಿಲ್ಲ!"

ಅಂಬಿಕಾ ತಲೆ ಎತ್ತಿ ಅವನ ಮುಖ ನೋಡಿದಳು. ಮೊಬೈಲ್ ತೆಗೆದಳು. ಕಥೆಯಲ್ಲಿ ಸತ್ತಿದ್ದ ಅತ್ತೆಯನ್ನು ಅಲ್ಲೇ ಬದುಕಿಸಿದಳು. ಆಮೇಲೆ ಹೆಸರಿನ ಜಾಗದಲ್ಲಿ 'ಅಂಬಿಕಾ, ಭಂಕೂರ' ಎಂದು ಬರೆದು ಕಥೆಯನ್ನು ಹಾಕಿಯೇಬಿಟ್ಟಳು.

"ಅಂಬಿಕಾ..." ದಿಲೀಪನ ದನಿ ಸಣ್ಣಗಾಯಿತು. "ನಮ್ಮ ಲಗ್ನದಾಗ ನಾನೂ ನಿಮ್ಮ ಹೆಸರ ಹೇಳಬೇಕಲ್ಲ. ನನಗೊಂದು ಒಡಪು ಬರದುಕೊಡ್ತೀರಿ?"

ಅವಳು ನಗು ತಡೆದುಕೊಂಡಳು.

"ಊಹುಂ. ನಿಮ್ಮದು ನೀವ ಬರೀರಿ."

"ನನಗೆಲ್ಲಿ ಬರ್ತದರಿ!"

"ಬರ್ತದ. ಅಂಜಬ್ಯಾಡ್ರಿ, ಹೇಳ್ರಿ. ನಾ ಕೇಳ್ತೀನಿ."

ದಿಲೀಪ ಬೆವರೊರೆಸಿಕೊಂಡ. "ಕರೆಂಟ್ ಹೋದ್ರ ನಮ್ಮ ಸ್ಟುಡಿಯೋ ನಡ್ಯಾಂಗಿಲ್ಲ... ಅಂಬಿಕಾ ಇಲ್ಲಂದ್ರ... ಅಂಬಿಕಾ ಇಲ್ಲಂದ್ರ ನನಗ ಊಟ ಸೇರಾಂಗಿಲ್ಲ."

"ಪ್ರಾಸ ಸಾಧಾರಣ ಅದ," ಎಂದಳು ಅಂಬಿಕಾ. ಅವಳ ಕಣ್ಣು ತುಂಬಿತ್ತು. "ಆದ್ರ ಒಂದಕ್ಷರಾನೂ ತಿದ್ದಬ್ಯಾಡ್ರಿ."