ಹೇರೋಹಳ್ಳಿಯ ಹಾರನ್

ಹನುಮಕ್ಕ ನಾಯಂಡಹಳ್ಳಿಯ ನಮ್ಮ ಅಂಗಡಿಗೆ ಬಂದಾಗ ಬೆಳಿಗ್ಗೆ ಒಂಬತ್ತು ಗಂಟೆ. ಹೇರೋಹಳ್ಳಿಯಿಂದ ನಡೆದೇ ಬಂದಿದ್ದಳು. ಸೀರೆಯ ಅಂಚೆಲ್ಲ ಕೆಸರಾಗಿತ್ತು.

“ಸಾರ್, ನನ್ ಗಂಡನ್ನ ಕೊಟ್ಟಿಗೇಲಿ ಕೂಡಾಕವ್ರೆ. ಸಂಜೆ ಸ್ಟೇಷನ್‌ಗೆ ಒಪ್ಪಿಸ್ತಾರಂತೆ. ಯಜಮಾನ್ರ ಮಗಳನ್ನ ಇವ್ರೇ ಕೊಂದಿದ್ದು ಅಂತಾರೆ ಸಾರ್.”

ಅವಳ ಗಂಡ ತಿಮ್ಮಯ್ಯ, ಹೇರೋಹಳ್ಳಿಯ ಬೈರಪ್ಪನವರ ಡೀಸೆಲ್ ಪಿಕಪ್ಪಿನ ಡ್ರೈವರ್. ಸತ್ತವಳು ಬೈರಪ್ಪನವರ ಮಗಳು ಪುಟ್ಟಲಕ್ಷ್ಮಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದವಳು. ಮೂರು ದಿನದ ಹಿಂದೆ ನೋವು ಶುರುವಾಗಿ, ರಕ್ತ ನಿಲ್ಲದೆ, ಆಸ್ಪತ್ರೆಗೆಂದು ಪಿಕಪ್ಪಿನಲ್ಲಿ ಮಲಗಿಸಿದರೆ ಅದು ಸ್ಟಾರ್ಟ್ ಆಗಲಿಲ್ಲ. ತಳ್ಳಿದರೆ ಚಕ್ರ ಕೆಸರಿನಲ್ಲಿ ಹೂತುಕೊಂಡಿತು. ಕೊನೆಗೆ ಎತ್ತಿನ ಗಾಡಿ ಕಟ್ಟಿದರು. ಸುಂಕದಕಟ್ಟೆ ದಾಟುವುದರೊಳಗೆ ತಾಯಿ, ಮಗು ಇಬ್ಬರೂ ಹೋಗಿದ್ದರು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡಬೇಕು. ನಾನು ಜಗನ್ನಾಥ, ಬ್ಯಾಟರಿ ಚಾರ್ಜ್ ಮಾಡುವವನು. ಅದೇ ಅಂಗಡಿಯ ಇನ್ನರ್ಧದಲ್ಲಿ ಡೈನಮೋ ರಿಪೇರಿ ಮಾಡುವ ವೆಂಕಟಗಿರಿಗೆ ಮೈಸೂರು ರಸ್ತೆಯವರೆಲ್ಲ ಪತ್ತೇದಾರ ಎಂದೇ ಹೆಸರಿಟ್ಟಿದ್ದರು. ಎಪ್ಪತ್ತೆಂಟನೇ ಇಸವಿಯ ಆಯುಧಪೂಜೆಯಾದ ಮೇಲೆ ಎರಡು ವಾರದಲ್ಲಿ ಎರಡು ಸಲ ಆ ಪಿಕಪ್ಪು ಬ್ಯಾಟರಿ ಇಳಿದು ನನ್ನಲ್ಲಿಗೆ ಬಂದಿತ್ತು. ಎರಡು ಸಲವೂ ವೆಂಕಟಗಿರಿ ಊರಲ್ಲಿರಲಿಲ್ಲ. ಇಂಜಿನ್ ಓಡಿಸಿ ನೋಡಿದರೆ ಚಾರ್ಜಿನ ಸೂಜಿ ಸರಿಯಾಗಿ ಏಳುತ್ತಿತ್ತು. ದೋಷ ಸಿಗದೆ ನನಗೆ ರೇಗಿಹೋಯಿತು. “ಗಾಡಿ ಸರಿಯಾಗಿದೆ ಬೈರಪ್ಪನೋರೇ, ಯಾರೋ ಕರೆಂಟ್ ಕದೀತಿದಾರೆ” ಎಂದುಬಿಟ್ಟೆ. ಮಗಳು ಸತ್ತ ಮೇಲೆ ಅವರಿಗೆ ಆ ಮಾತು ನೆನಪಾಯಿತು. ತಿಮ್ಮಯ್ಯನ ಗುಡಿಸಲು ಜಾಲಾಡಿದರು. ಒಂದು ವೈರು, ಒಂದು ಚಿಕ್ಕ ಬಲ್ಬು ಸಿಕ್ಕವು.

“ಗಾಡಿ ಬ್ಯಾಟರಿಯಿಂದ ಬಲ್ಬು ಉರಿಸಿದ್ದು ನಿಜಾನಾ?” ವೆಂಕಟಗಿರಿ ಕೇಳಿದ.

“ಒಂದೇ ದಿನ ಸಾರ್, ಹಬ್ಬಕ್ಕೂ ಮುಂಚೆ. ಕೂಸಿಗೆ ಜ್ವರ ಬಂದಿತ್ತು.”

“ಅವತ್ತು ತಳ್ಳೋಕೆ ಜನಾನ ಯಾರು ಕರೆದ್ರು?”

“ಇವ್ರೇ ಒಂದೇ ಸಮ ಹಾರನ್ ಹೊಡೆದ್ರು. ಕೆರೆ ಆಚೆ ಹೊಲದಲ್ಲಿದ್ದೋರೂ ಓಡ್ಬಂದ್ರು.”

ವೆಂಕಟಗಿರಿ ಕೈಲಿದ್ದ ಡೈನಮೋವನ್ನು ಬೆಂಚಿನ ಮೇಲಿಟ್ಟ. “ಜಗ್ಗು, ಸ್ಕೂಟರ್ ತೆಗಿ.”

ಬೈರಪ್ಪನವರ ಅಂಗಳದಲ್ಲಿ ಪಿಕಪ್ಪು ಹಬ್ಬದ ಕುಂಕುಮ ಹೊತ್ತು ನಿಂತಿತ್ತು. ಬಾನೆಟ್ಟಿನ ಹೂವಿನ ಹಾರ ಒಣಗಿ ಕಪ್ಪಾಗಿತ್ತು. ಜಗಲಿಯಲ್ಲಿ ಏಳೆಂಟು ಜನ ನೆಂಟರು. ಬೈರಪ್ಪ ನಮ್ಮನ್ನು ಕೂರಿ ಎನ್ನಲಿಲ್ಲ. ವೆಂಕಟಗಿರಿ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ನುಸುಳಿದವನು ಕಾಲು ಗಂಟೆ ಈಚೆಗೆ ಬರಲಿಲ್ಲ.

“ಬಣ್ಣ ಯಾವಾಗ ಹೊಡೆಸಿದ್ರಿ?” ಅಡಿಯಿಂದಲೇ ಕೇಳಿದ.

“ಹಬ್ಬದ ಹಿಂದಿನ ಸಂಜೆ. ಇಲ್ಲೇ. ಚಾಸಿ, ಇಂಜಿನ್ ಸುತ್ತ ಎಲ್ಲಾ,” ಎಂದರು ಬೈರಪ್ಪ.

“ತಿಮ್ಮಯ್ಯ ಇದ್ನಾ?”

“ಇಲ್ಲ. ಹಬ್ಬಕ್ಕೆ ಅವನೂರಿಗೆ ಹೋಗಿದ್ದ. ಪೂಜೆ ಮುಗಿದ ಮಾರನೇ ದಿನ ಬಂದ.”

ವೆಂಕಟಗಿರಿ ಈಚೆಗೆ ಬಂದು ತಿಮ್ಮಯ್ಯನನ್ನು ಕರೆಸಿದ. ಅವನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ನನಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

“ಚಾರ್ಜಿನ ಸೂಜಿ ಯಾವಾಗ ಬೀಳ್ತಿತ್ತು?”

“ಮೂಟೆ ತುಂಬ್ಕೊಂಡು ಊರೊಳಗಿನ ಹಳ್ಳದ ದಾರೀಲಿ ಕುಲುಕ್ದಾಗ ಸಾರ್. ಟಾರ್ ರೋಡಿಗೆ ಬಂದ್ರೆ ಏಳೋದು.”

ಒಳಗಿದ್ದ ಬೈರಪ್ಪನವರ ಹೆಂಡತಿ ಮುನಿತಾಯಮ್ಮನವರೂ ಬಾಗಿಲಿಗೆ ಬಂದರು. ವೆಂಕಟಗಿರಿ ಎಲ್ಲರಿಗೂ ಕೇಳುವಂತೆ ಮಾತಾಡಿದ.

“ಬ್ಯಾಟರಿ ಇಳಿದಿದ್ರೆ ಹಾರನ್ ಕೆರೆ ಆಚೆಗೆ ಕೇಳ್ತಿರ್ಲಿಲ್ಲ. ಅಂದ್ರೆ ಅವತ್ತು ಬ್ಯಾಟರೀಲಿ ಕರೆಂಟ್ ಇತ್ತು, ಯಾರೂ ಕದ್ದಿರ್ಲಿಲ್ಲ. ಹಾರನ್ನಿಗೆ ಸಿಕ್ಕ ಕರೆಂಟು ಇಂಜಿನ್ ತಿರುಗಿಸೋ ಸೆಲ್ಫಿಗೆ ಯಾಕೆ ಸಿಗ್ಲಿಲ್ಲ? ಇಂಜಿನ್ ಕೂತಿರೋದು ರಬ್ಬರ್ ಮೇಲೆ. ಅದನ್ನ ಅಡಿ ಚೌಕಟ್ಟಿಗೆ, ಚಾಸಿಗೆ, ಜೋಡಿಸೋದು ಒಂದು ಅರ್ಥಿಂಗ್ ಪಟ್ಟಿ, ಕರೆಂಟ್ ವಾಪಸ್ ಹೋಗೋ ದಾರಿ. ಸೆಲ್ಫಿಗೂ ಅದೇ ದಾರಿ, ಡೈನಮೋಗೂ ಅದೇ ದಾರಿ, ಹಾರನ್ನಿಗೆ ಮಾತ್ರ ಅದು ಬೇಕಿಲ್ಲ. ಆ ಪಟ್ಟಿ ಬಣ್ಣದ ಮೇಲೆ ಕೂತಿದೆ, ನಟ್ಟು ಸಡಿಲ. ಅಂಗಡೀಲಿ ಗಾಡಿ ಸುಮ್ನೆ ನಿಂತಾಗ ತಾಗ್ತಿತ್ತು. ಅದಕ್ಕೇ ಜಗ್ಗೂಗೆ ಗೊತ್ತಾಗ್ಲಿಲ್ಲ. ಕುಲುಕಿದ್ರೆ ಬಿಡ್ತಿತ್ತು, ಬ್ಯಾಟರಿ ಚಾರ್ಜ್ ಆಗ್ದೆ ಇಳೀತಿತ್ತು. ಅವತ್ತು ಪೂರ್ತಿ ಬಿಟ್ಟಿತ್ತು.”

“ಅದನ್ನೂ ಇವನೇ ಸಡಿಲ ಮಾಡಿರ್ಬೇಕು,” ಎಂದ ನೆಂಟನೊಬ್ಬ.

“ಸಡಿಲ ಮಾಡಿಲ್ಲ. ಬಿಗಿನೇ ಮಾಡಿಲ್ಲ. ಆ ನಟ್ಟಿಗೆ ಸ್ಪ್ಯಾನರ್ ತಾಗಿದ್ರೆ ಮೂಲೆಗಳಲ್ಲಿ ಬಣ್ಣ ಏಳ್ತಿತ್ತು. ಒಂದು ಮೂಲೇನೂ ಎದ್ದಿಲ್ಲ. ಬದಲಿಗೆ ಹೆಬ್ಬೆಟ್ಟಿನ ಗುರುತು ಬಣ್ಣದಲ್ಲೇ ಒಣಗಿದೆ. ಬಣ್ಣದೋನು ಪಟ್ಟಿ ಕಳಚಿಟ್ಟು ಹೋದ. ಹಬ್ಬದ ಬೆಳಿಗ್ಗೆ, ಬಣ್ಣ ಹಸಿ ಇದ್ದಾಗ, ಯಾರೋ ಬರೀ ಕೈಯಲ್ಲಿ ತಿರುಗಿಸಿದಾರೆ. ತಿಮ್ಮಯ್ಯ ಅವತ್ತು ಊರಲ್ಲಿಲ್ಲ.” ಅವನು ಜಗಲಿಯತ್ತ ತಿರುಗಿದ. “ಬೈರಪ್ಪನೋರೇ, ಅವತ್ತು ನಿಮ್ಮನೇಲಿ ಸ್ಪ್ಯಾನರ್ ಎಲ್ಲಿತ್ತು?”

ಉತ್ತರ ಕೊಟ್ಟವರು ಮುನಿತಾಯಮ್ಮ. “ದೇವರ ಮುಂದೆ ಇತ್ತು. ಸ್ಪ್ಯಾನರು, ಜಾಕು, ಕುಡುಗೋಲು, ಎಲ್ಲಾನೂ ನಾನೇ ಕುಂಕುಮ ಇಟ್ಟು ಜೋಡಿಸಿದ್ದೆ. ಇವ್ರು ಬಂದು ಕೇಳಿದ್ರು. ಪೂಜೆಗಿಟ್ಟ ಆಯುಧ ನಾಳೆವರೆಗೂ ಮುಟ್ಟಬಾರದು ಅಂದೆ.”

ಬೈರಪ್ಪ ತಮ್ಮ ಬಲಗೈಯನ್ನು ನೋಡಿಕೊಂಡರು. “ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸ್ಬೇಕಿತ್ತು, ಪೂಜಾರಿ ಕಾಯ್ತಿದ್ದ. ನಾಳೆ ಬಿಗಿ ಮಾಡೋಣ ಅಂತ ಕೈಯಲ್ಲೇ ತಿರುಗಿಸ್ದೆ. ನಾಳೆ ಮರೆತೋಯ್ತು.”

ಇದನ್ನು ಹೇಳದೆ ತಿಮ್ಮಯ್ಯನನ್ನು ಬಿಡಿಸುವ ದಾರಿ ಇತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ನಾನು ತಿಮ್ಮಯ್ಯನ ಹತ್ತಿರ ಹೋಗಿ “ನನ್ನಿಂದ ತಪ್ಪಾಯ್ತಪ್ಪ” ಎಂದೆ. ಅವನು ತಲೆಯಾಡಿಸಿದ, ಅಷ್ಟೇ.

ಬೈರಪ್ಪ ಒಳಗಿನಿಂದ ಸ್ಪ್ಯಾನರ್ ತಂದರು. ಅದರ ಮೇಲೆ ಕುಂಕುಮ ಇನ್ನೂ ಇತ್ತು. ಗೋಣಿಚೀಲದ ಮೇಲೆ ಮಲಗಿ, ಪಟ್ಟಿಯಡಿಯ ಬಣ್ಣವನ್ನು ಅವರೇ ಕೆರೆದು, ನಟ್ಟನ್ನು ಬಿಗಿ ಮಾಡಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಎದ್ದು ಬಂದು ಸೀಟಿನಲ್ಲಿ ಕೂತು ಸೆಲ್ಫ್ ಒತ್ತಿದರು.

ಇಂಜಿನ್ ಮೊದಲ ಸಲಕ್ಕೇ ಹತ್ತಿಕೊಂಡಿತು. ಅಂಗಳ ಪೂರಾ ಅದರ ಸದ್ದು ತುಂಬಿತು. ಸ್ಟೀರಿಂಗ್ ಹಿಡಿದು ಕೂತಿದ್ದ ಬೈರಪ್ಪನವರ ಕೈ ಅಲ್ಲಿಂದ ಏಳಲಿಲ್ಲ.

“ಯಾರಾದ್ರೂ ಅದನ್ನ ನಿಲ್ಸಿ,” ಎಂದರು ಮುನಿತಾಯಮ್ಮ.

ತಿಮ್ಮಯ್ಯ ಹೋಗಿ, ಯಜಮಾನರ ಭುಜದ ಪಕ್ಕದಿಂದ ಕೈ ಚಾಚಿ, ಇಂಜಿನ್ ನಿಲ್ಲಿಸುವ ನಾಬನ್ನು ಎಳೆದ.